ಚಟುವಟಿಕೆ ಮಾಡಿಸಿದ ಮೇಲೂ ಉಳಿಯುವ ತಪ್ಪು: ಪ್ರೌಢಶಾಲಾ ಗಣಿತ ಬೋಧನೆಯ ಪ್ರಶ್ನೋತ್ತರ

ಪ್ರಶ್ನೆ (ಒಂಬತ್ತನೆಯ ತರಗತಿಯ ಶಿಕ್ಷಕಿ): ನಮಸ್ಕಾರ ಸರ್. ಬೀಜಗಣಿತದ ನಿತ್ಯಸಮೀಕರಣಗಳನ್ನು ಈ ಬಾರಿ ಕಾಗದದ ಚೌಕ ಮತ್ತು ಆಯತಗಳನ್ನು ಜೋಡಿಸುವ ಚಟುವಟಿಕೆಯ ಮೂಲಕ ಕಲಿಸಿದೆ. ಮಕ್ಕಳು ಬಹಳ ಆಸಕ್ತಿಯಿಂದ ಮಾಡಿದರು. ಆದರೆ ಎರಡು ವಾರಗಳ ನಂತರ ಕೊಟ್ಟ ಕಿರುಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಎ + ಬಿ’ಯ ವರ್ಗ ಎಂದರೆ ‘ಎ ವರ್ಗ + ಬಿ ವರ್ಗ’ ಎಂದೇ ಬರೆದಿದ್ದಾರೆ. ಹಾಗಾದರೆ ಸೂತ್ರವನ್ನು ಬಾಯಿಪಾಠ ಮಾಡಿಸಿ ಲೆಕ್ಕ ಬಿಡಿಸುವ ಹಳೆಯ ಕ್ರಮವೇ ಮೇಲೆ?

ಉತ್ತರ: ನಮಸ್ಕಾರ ಮೇಡಂ. ಬಾಯಿಪಾಠ ಮಾಡಿಸಿದ ತರಗತಿಗಳಲ್ಲಿಯೂ ಇದೇ ತಪ್ಪು ಕಾಣುತ್ತದೆ. ಆದ್ದರಿಂದ ದೋಷ ನಿಮ್ಮ ಚಟುವಟಿಕೆಯದಲ್ಲ. ಈ ತಪ್ಪು ಅಜಾಗರೂಕತೆಯಿಂದ ಹುಟ್ಟಿದ್ದೂ ಅಲ್ಲ. ‘ಎ + ಬಿ’ಯನ್ನು 2ರಿಂದ ಗುಣಿಸಿದರೆ ‘2ಎ + 2ಬಿ’ ಬರುತ್ತದೆ ಎಂದು ಮಗು ಹಿಂದೆ ಸರಿಯಾಗಿಯೇ ಕಲಿತಿದೆ. ಅದೇ ನಿಯಮವನ್ನು ವರ್ಗಕ್ಕೂ, ಮುಂದೆ ವರ್ಗಮೂಲಕ್ಕೂ ಹಬ್ಬಿಸುತ್ತಿದೆ. ಒಂದು ಸರಿಯಾದ ನಿಯಮವನ್ನು ಅದರ ಎಲ್ಲೆ ಮೀರಿ ಬಳಸಿದಾಗ ಹುಟ್ಟುವ ಇಂಥ ತಪ್ಪಿಗೆ ಮಗುವಿನ ಮನಸ್ಸಿನಲ್ಲಿ ಸಮರ್ಥನೆಯೂ ಇರುತ್ತದೆ. ಆ ಸಮರ್ಥನೆಯನ್ನು ಮುಟ್ಟದಿದ್ದರೆ ಕಾಗದದ ಚೌಕವೂ ಬಾಯಿಪಾಠವೂ ಸಮಾನವಾಗಿ ಸೋಲುತ್ತವೆ.

ಕೈಯಿಂದ ಮಾಡುವುದು, ಚಿತ್ರವಾಗಿ ಕಾಣುವುದು, ಸಂಕೇತದಲ್ಲಿ ಬರೆಯುವುದು ಎಂಬ ಮೂರು ರೂಪಗಳ ಬಗ್ಗೆ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿಯೇ ಬರೆದಿದ್ದಾರೆ. ಈ ಮೂರನ್ನೂ ನಾವು ಬೇರೆ ಬೇರೆ ದಿನಗಳಿಗೆ ಹಂಚಿಬಿಡುವುದರಿಂದ, ಸೋಮವಾರದ ಕಾಗದಕ್ಕೂ ಗುರುವಾರದ ಸೂತ್ರಕ್ಕೂ ಸಂಬಂಧವಿದೆ ಎಂದು ಅನೇಕ ಮಕ್ಕಳಿಗೆ ಹೊಳೆಯುವುದೇ ಇಲ್ಲ. ಚಿತ್ರ ಮತ್ತು ಸಂಕೇತ ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿರಲಿ. ಮೊದಲು ಸಂಖ್ಯೆಗಳಿಂದ ತೊಡಗಿ: 13ನ್ನು ‘10 + 3’ ಎಂದು ಬರೆದರೆ, ಮಕ್ಕಳ ನಿಯಮದ ಪ್ರಕಾರ ಅದರ ವರ್ಗ 100 + 9, ಅಂದರೆ 109 ಆಗಬೇಕು, ಆದರೆ 13ರ ವರ್ಗ 169. ಉಳಿದ 60 ಎಲ್ಲಿ ಹೋಯಿತು ಎಂದು ಕೇಳಿ, ಚಿತ್ರದಲ್ಲಿ ಹುಡುಕಲು ಬಿಡಿ. 10 ಉದ್ದ, 3 ಅಗಲದ ಎರಡು ಆಯತಗಳನ್ನು ತಾವು ಕೈಬಿಟ್ಟಿದ್ದೆವು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಆಮೇಲೆ ಮತ್ತೊಂದು ಪ್ರಶ್ನೆ: ಆ ತಪ್ಪು ನಿಯಮ ಎಂದಾದರೂ ಸರಿಯಾಗುತ್ತದೆಯೇ? ಎರಡರಲ್ಲಿ ಒಂದು ಸಂಖ್ಯೆಯಾದರೂ ಸೊನ್ನೆಯಾದಾಗ ಮಾತ್ರ ಎಂದು ಅವರು ತಲಪುವ ಹೊತ್ತಿಗೆ, ‘ಎ ವರ್ಗ + 2ಎಬಿ + ಬಿ ವರ್ಗ’ ಎಂಬ ಸರಿಯಾದ ಸೂತ್ರದಲ್ಲಿ ‘2ಎಬಿ’ ಎಂಬ ಪದ ಏಕಿದೆ ಎಂಬುದು ಅವರದೇ ತಿಳಿವಾಗಿರುತ್ತದೆ. ಈ ಎರಡನೆಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ನನ್ನ ಅನುಭವದಲ್ಲಿ ಇಡೀ ಪಾಠದ ಸತ್ವವಿರುವುದು ಅಲ್ಲಿಯೇ.

ಮರುಪ್ರಶ್ನೆ (ಅದೇ ಶಿಕ್ಷಕಿ): ಧನ್ಯವಾದಗಳು ಸರ್. ಪಾಠ ಮುಗಿದ ದಿನದ ಅಭ್ಯಾಸದಲ್ಲಿ ಇದೇ ಮಕ್ಕಳು ಬಹುತೇಕ ಎಲ್ಲವನ್ನೂ ಸರಿಯಾಗಿ ಮಾಡಿದ್ದರು. ಅದೇಕೆ ಉಳಿಯಲಿಲ್ಲ?

ಉತ್ತರ: ಆ ದಿನ ಯಾವ ಸೂತ್ರ ಬಳಸಬೇಕು ಎಂಬುದನ್ನು ಅಭ್ಯಾಸದ ಶೀರ್ಷಿಕೆಯೇ ಹೇಳಿಬಿಟ್ಟಿತ್ತು. 2007ರಲ್ಲಿ ರೋರರ್ ಮತ್ತು ಟೇಲರ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕಲಿತರು. ಒಂದೇ ಬಗೆಯ ಲೆಕ್ಕಗಳನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ವೇಳೆ ಮುಂದಿದ್ದರು. ಆದರೆ ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರು ಶೇಕಡ 20ರಷ್ಟು ಸರಿ ಮಾಡಿದರೆ, ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸಿ ಮಾಡಿದವರು ಶೇಕಡ 63ರಷ್ಟು ಸರಿ ಮಾಡಿದರು. ಆದ್ದರಿಂದ ಮನೆಗೆಲಸಕ್ಕೆ ಹತ್ತು ಲೆಕ್ಕ ಕೊಡುವಾಗ ನಾಲ್ಕನ್ನು ಇಂದಿನ ಪಾಠದಿಂದಲೂ ಉಳಿದವನ್ನು ಹಿಂದಿನ ಪಾಠಗಳಿಂದಲೂ ಆರಿಸಿ. ಮೊದಲ ಕೆಲವು ವಾರ ಅಂಕಗಳು ಕುಸಿದಂತೆ ಕಾಣಬಹುದು. ಅದಕ್ಕೆ ಹೆದರಿ ಹಿಂದಿರುಗಬೇಡಿ.

ಪ್ರಶ್ನೆ (ಮತ್ತೊಬ್ಬ ಶಿಕ್ಷಕರು): ಮಕ್ಕಳೇ ಎಲ್ಲವನ್ನೂ ಕಂಡುಹಿಡಿಯಬೇಕೇ, ಅಥವಾ ಬಿಡಿಸಿದ ಲೆಕ್ಕಗಳನ್ನು ತೋರಿಸಬಹುದೇ? ತರಬೇತಿಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ತೋರಿಸಲೇಬೇಕು. ಬೀಜಗಣಿತವನ್ನು ಹೊಸದಾಗಿ ಕಲಿಯುವವರು ಬಿಡಿಸಿದ ಉದಾಹರಣೆಗಳನ್ನು ಗಮನವಿಟ್ಟು ಓದಿದರೆ, ಅಂಥದೇ ಲೆಕ್ಕಗಳನ್ನು ಬರಿದೇ ಬಿಡಿಸುತ್ತ ಹೋಗುವುದಕ್ಕಿಂತ ಕಡಿಮೆ ಸಮಯದಲ್ಲಿ ಕಲಿಯುತ್ತಾರೆ ಎಂಬುದನ್ನು ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿಯೇ ತೋರಿಸಿದ್ದಾರೆ. ಆದರೆ ಅದೇ ನೆರವು, ವಿಷಯ ಗೊತ್ತಿರುವ ಮಗುವಿಗೆ ಅಡ್ಡಿಯಾಗುತ್ತದೆ ಎಂಬುದೂ ನಂತರದ ಸಂಶೋಧನೆಗಳಿಂದ ತಿಳಿದಿದೆ. ಹೀಗಾಗಿ ಮೊದಲ ಉದಾಹರಣೆಯನ್ನು ಪೂರ್ಣವಾಗಿ ಕೊಡಿ, ಎರಡನೆಯದರಲ್ಲಿ ಕೊನೆಯ ಹಂತವನ್ನು ಖಾಲಿ ಬಿಡಿ, ಮೂರನೆಯದರಲ್ಲಿ ಇನ್ನೂ ಹೆಚ್ಚು ಬಿಡಿ. ಪ್ರತಿ ಹಂತದ ಪಕ್ಕದಲ್ಲಿ ‘ಇದು ಏಕೆ ಸರಿ’ ಎಂದು ಮಗು ಒಂದು ವಾಕ್ಯ ಬರೆಯಲಿ. ಇಲ್ಲದಿದ್ದರೆ ಅದು ನಕಲು ಮಾಡುವ ಕೆಲಸವಾಗಿ ಉಳಿಯುತ್ತದೆ. ವಾರಕ್ಕೊಮ್ಮೆ, ನಡುವೆ ಎಲ್ಲೋ ಒಂದು ಸಾಲು ತಪ್ಪಿರುವ ಲೆಕ್ಕವನ್ನೂ ಕೊಟ್ಟು, ಯಾವ ಸಾಲಿನಲ್ಲಿ ಎಡವಿದೆ, ಬರೆದವರು ಏನು ಯೋಚಿಸಿರಬಹುದು ಎಂದು ಕೇಳಿ. ಆ ಲೆಕ್ಕವನ್ನು ನಿಮ್ಮ ತರಗತಿಯ ಉತ್ತರಪತ್ರಿಕೆಯಿಂದಲೇ ಆರಿಸಿಕೊಂಡಿದ್ದರೆ, ಬರೆದ ಮಗುವಿನ ಗುರುತು ಸಿಗದಂತೆ ನಿಮ್ಮ ಕೈಬರಹದಲ್ಲಿ ಬರೆದುಕೊಡಿ.