ಸಿನಿಮಾದಲ್ಲಿ ಬಿಳಿಯತನವನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ದಾವಣಗೆರೆ)
ನಮ್ಮ ಬಳಗದಲ್ಲಿ ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡುವಾಗ, ಕಪ್ಪು ಪಾತ್ರ ಬಂದಾಗ ಮಾತ್ರ ಜನಾಂಗದ ಮಾತು ಏಳುತ್ತದೆ. ತೆರೆಯ ತುಂಬ ಬಿಳಿಯರೇ ಇದ್ದರೆ ಅದು ಕೇವಲ ಮನುಷ್ಯರ ಕಥೆಯಾಗಿಬಿಡುತ್ತದೆ. ಬಿಳಿಯತನವೂ ಸಮಾಜ ಕಟ್ಟಿದ್ದೇ ಎಂಬುದನ್ನು ದೃಶ್ಯದಲ್ಲಿ ತೋರಿಸುವುದು ಹೇಗೆ?

ಉತ್ತರ 1 (ಚಿತ್ರದುರ್ಗ)
1927ರ 'ದಿ ಜಾಝ್ ಸಿಂಗರ್' ಚಿತ್ರದಲ್ಲಿ ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯ ದೃಶ್ಯವನ್ನು ನಿಧಾನವಾಗಿ ನೋಡಿ. ಯಹೂದಿ ವಲಸಿಗ ಕುಟುಂಬದ ನಾಯಕ ಕನ್ನಡಿಯ ಮುಂದೆ ಮುಖಕ್ಕೆ ಕಪ್ಪು ಬಳಿದುಕೊಳ್ಳುತ್ತಾನೆ, ಗುಂಗುರು ಕೂದಲಿನ ಟೋಪನ್ ಹಾಕಿಕೊಳ್ಳುತ್ತಾನೆ; ಆಗ ಕನ್ನಡಿಯಲ್ಲಿ ಅವನಿಗೆ ತಂದೆಯ ಪ್ರಾರ್ಥನಾಮಂದಿರ ಕಾಣುತ್ತದೆ. ತೊಳೆದರೆ ಹೋಗುವ ಕಪ್ಪನ್ನು ಬಳಿದುಕೊಂಡವನು ತಾನು ಕಪ್ಪಲ್ಲವೆಂದು ಸಾಬೀತುಪಡಿಸಿ ಅಮೆರಿಕದ ಮುಖ್ಯವಾಹಿನಿಗೆ ಸೇರುತ್ತಾನೆ ಎಂಬ ವಿಮರ್ಶಕರ ವಾದ ನನಗೆ ಒಪ್ಪಿತವಾಗಿದೆ. ತಂತ್ರಜ್ಞಾನವೂ ತಟಸ್ಥವಾಗಿರಲಿಲ್ಲ: ಕೊಡಾಕ್‌ನ 'ಶರ್ಲಿ' ಬಣ್ಣಪರೀಕ್ಷಾ ಚಿತ್ರಗಳಲ್ಲಿ ದಶಕಗಳ ಕಾಲ ಬಿಳಿ ಹೆಣ್ಣಿನ ಮೈಬಣ್ಣವೇ ಅಳತೆಗೋಲಾಗಿತ್ತು.

ಉತ್ತರ 2 (ದಾವಣಗೆರೆ)
ವರ್ಗವನ್ನು ಬಿಡಬೇಡಿ. 1940ರ 'ದಿ ಗ್ರೇಪ್ಸ್ ಆಫ್ ರಾತ್' ಚಿತ್ರದಲ್ಲಿ ಜಮೀನು ಕಳೆದುಕೊಂಡು ಹೊರಟ ಒಕ್ಲಹೋಮಾದ ಬಿಳಿ ರೈತರನ್ನು ಪೆಟ್ರೋಲ್ ಬಂಕಿನ ಕೆಲಸಗಾರರು ಮನುಷ್ಯರೇ ಅಲ್ಲವೆಂಬಂತೆ ಆಡಿಕೊಳ್ಳುತ್ತಾರೆ. ಬಡತನ ಬಿಳಿಯರನ್ನೂ ಬಿಳಿಯತನದ ಅಂತಸ್ತಿನಿಂದ ಕೆಳಗಿಳಿಸಬಲ್ಲದು. ಆದರೂ ಕಾನೂನು ಅವರನ್ನು ಬಿಳಿಯರೆಂದೇ ಪರಿಗಣಿಸುತ್ತಿತ್ತು ಎಂಬುದನ್ನು ಮರೆಯಬಾರದು.

ಗಿರಣಿಗಳ ಊರಿನವರಾದ ನಾವು ಇದನ್ನು ನಮ್ಮ ಚಿತ್ರಗಳಿಗೂ ಕೇಳಬೇಕು. ಕೂಲಿಯ ಪಾತ್ರಕ್ಕೆ ಮುಖ ಕಪ್ಪಾಗಿಸಿ, ಅದೇ ಕೇರಿಯ ನಾಯಕಿಯನ್ನು ಬೆಳ್ಳಗೇ ಉಳಿಸುವುದೇಕೆ? ಜಾತಿಯೂ ಜನಾಂಗವೂ ಒಂದೇ ಅಲ್ಲ, ಆದರೆ ಈ ಪ್ರಶ್ನೆ ಎರಡಕ್ಕೂ ಸಲ್ಲುತ್ತದೆ.