ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಬೇರೆ ಥರದ ಸಾಹಸ ಪ್ರವಾಸ – ಅಮೆರಿಕದಲ್ಲಿ ಎಲ್ಲೆಲ್ಲಿ?

ರಘು, ಆಸ್ಟಿನ್:

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಒಂಬತ್ತು ವರ್ಷ ಆಯ್ತು. ನಯಾಗರ, ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್, ಒರ್ಲಾಂಡೊ ಎಲ್ಲ ನೋಡಿದ್ದಾಯ್ತು. ಹೋದಲ್ಲೆಲ್ಲ ಮಾಡಿದ್ದು ಒಂದೇ ಕೆಲಸ: ಕಾರು ನಿಲ್ಲಿಸುವುದು, ಕಂಬಿ ಹಿಡಿದು ನಿಂತು ಫೋಟೊ ತೆಗೆಯುವುದು, ಮತ್ತೆ ಕಾರು ಹತ್ತುವುದು. ಕಳೆದ ಬೇಸಿಗೆಯಲ್ಲಿ ಮಗ (ಹತ್ತು ವರ್ಷ) ಕಂಬಿ ಹತ್ತಿರ ನಿಂತುಕೊಂಡು, "ಅಪ್ಪಾ, ಇಲ್ಲಿ ನಾವು ಏನು ಮಾಡ್ತೀವಿ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ.

ಅದಕ್ಕೇ ಬರುವ ವರ್ಷ ಕಾಲಕ್ಕೊಂದರಂತೆ ಮೈಕೈ ಆಡಿಸುವ, ನಾಲ್ಕು ಜನ ಹೋಗದ ಪ್ರವಾಸ ಮಾಡಬೇಕು ಅಂತಿದ್ದೇವೆ. ರಜೆ ಇರುವುದು 15 ದಿನ, ಮಗನ ಸ್ಕೂಲ್ ರಜೆಗೆ ಹೊಂದಬೇಕು. ನನ್ನ ಹೆಂಡತಿಗೆ ಎತ್ತರ ಅಂದರೆ ನಿಜವಾದ ಭಯ, ಬಂಡೆ ಅಂಚಿನ ದಾರಿಗಳು ಬೇಡವೇ ಬೇಡ. ಮೂವರಿಗೂ ಈಜು ಬರುತ್ತದೆ, ಸಾಧಾರಣ. ದಿನಕ್ಕೆ ಐದಾರು ಮೈಲಿ ನಡೆಯಬಲ್ಲೆವು. ಹೋಗಿ ಬಂದವರು ಹೇಳಿ.

ನೀರುಕೋಳಿ, ಕೊಲಂಬಸ್, ಒಹಾಯೊ:

ರಘು ಅವರೇ, ನಿಮ್ಮ ಮಗ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡುವವಳು. ರಜೆ ಸಿಗುವುದೇ ಮೂರು ನಾಲ್ಕು ದಿನದ ತುಂಡುಗಳಲ್ಲಿ. ಹಾಗಾಗಿ ಹನ್ನೆರಡು ವರ್ಷದಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ: ಮೊದಲು ಜಾಗ ಹುಡುಕುವುದಿಲ್ಲ, ವಾರ ಹುಡುಕುತ್ತೇನೆ. ಈ ದೇಶದ ಅತಿ ಒಳ್ಳೆಯ ಸಂಗತಿಗಳು ವರ್ಷವಿಡೀ ಬಾಗಿಲು ತೆರೆದಿರುವುದಿಲ್ಲ. ಎರಡು ವಾರವೋ ಆರು ವಾರವೋ ಇದ್ದು ಮುಗಿದುಹೋಗುತ್ತವೆ. ಆ ವಾರಕ್ಕೆ ಸರಿಯಾಗಿ ಅಲ್ಲಿದ್ದರೆ, ಮೂರು ದಿನ ಸಾಕು.

ನಿಮಗೆ ನನ್ನ ಮೊದಲ ಮಾತು ನೆಬ್ರಾಸ್ಕ. ನಗಬೇಡಿ, ಬರೀ ಜೋಳದ ಹೊಲ ಅಂತ ಎಲ್ಲರೂ ದಾಟಿಕೊಂಡು ಹೋಗುವ ರಾಜ್ಯವೇ. ಮಾರ್ಚ್‌ನಲ್ಲಿ ಕಾರ್ನಿ ಊರಿನ ಹತ್ತಿರ ಪ್ಲಾಟ್ ನದಿಗೆ ಐದು ಲಕ್ಷಕ್ಕಿಂತ ಹೆಚ್ಚು ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳು ಬಂದಿಳಿಯುತ್ತವೆ. ಉತ್ತರಕ್ಕೆ ಹೋಗುವ ದಾರಿಯಲ್ಲಿ ಅವುಗಳ ತಂಗುದಾಣ ಅದು. ಹಗಲೆಲ್ಲ ಕೊಯ್ಲಾದ ಹೊಲದಲ್ಲಿ ಉದುರಿದ ಜೋಳ ತಿಂದು ಮೈ ಬೆಳೆಸಿಕೊಳ್ಳುತ್ತವೆ. ರಾತ್ರಿ ನದಿಯ ಮಧ್ಯೆ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೇ ನಿದ್ದೆ. ನರಿ, ಕೈಯೋಟಿ ಹತ್ತಿರ ಬಂದರೆ ನೀರಿನ ಸದ್ದಿಗೆ ಎಚ್ಚರವಾಗುತ್ತದೆ.

ಇದರಲ್ಲಿ ಸಾಹಸ ಏನು ಅಂತ ನನ್ನ ಗಂಡನೂ ಕೇಳಿದ್ದರು. ರೋ ಸ್ಯಾಂಕ್ಚುರಿ ಅನ್ನುವ ಪಕ್ಷಿಧಾಮದವರ ಮರದ ಮರೆಮನೆಗೆ (ಹಕ್ಕಿಗಳಿಗೆ ಕಾಣದ ಹಾಗೆ ಅಡಗಿ ಕೂರುವ ಕೋಣೆಗೆ) ಬೆಳಗಿನ ಜಾವ ಕತ್ತಲಲ್ಲೇ ನಡೆದು ಹೋಗಬೇಕು. ಟಾರ್ಚ್ ಎತ್ತುವಂತಿಲ್ಲ, ಮಾತಾಡುವಂತಿಲ್ಲ. ನಾವು ಹೋದ ದಿನ 19 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ನದಿ ಅಂಚಿನಲ್ಲಿ ಗಾಜಿನಂಥ ಮಂಜುಗಡ್ಡೆ. ಒಂದು ಗಂಟೆ ಏನೂ ಕಾಣದು. ಬರೀ ಸದ್ದು. ಸಾವಿರಾರು ಗಂಟಲು ಒಟ್ಟಿಗೆ ಉರುಳಿದ ಹಾಗೆ, ಎದೆಯೊಳಗೇ ಕೇಳುತ್ತದೆ. ಆಮೇಲೆ ಬೆಳಕು ಹರಿಯಿತು. ನಾವು ಮರಳುದಿಬ್ಬ ಅಂದುಕೊಂಡಿದ್ದ ಬೂದು ಬಣ್ಣ ಇಡಿಯಾಗಿ ಎದ್ದು ಹಾರಿತು. ನನ್ನ ಪಕ್ಕದಲ್ಲಿದ್ದ ಮಗಳು (ಆಗ ಹನ್ನೊಂದು) ನನ್ನ ಕೈ ಹಿಡಿದಿದ್ದಳು, ಕೈಗವಸಿನ ಮೇಲಿಂದಲೂ ನಡುಕ ಗೊತ್ತಾಗುತ್ತಿತ್ತು. ಚಳಿಗಲ್ಲ. ಈಗ ಅವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಮಾರ್ಚ್ ಬಂದರೆ ಅಲ್ಲಿಂದಲೇ ನನಗೆ "ಬಂದ್ವಾ ಅಮ್ಮ?" ಅಂತ ಮೆಸೇಜ್ ಕಳಿಸುತ್ತಾಳೆ.

ಟೆಕ್ಸಸ್‌ನಲ್ಲಿ ಸ್ಪ್ರಿಂಗ್ ಬ್ರೇಕ್ ಮಾರ್ಚ್ ನಡುವಿಗೆ ಬರುತ್ತದೆ ಅಲ್ಲವೇ? ಸರಿಯಾಗಿ ಹೊಂದುತ್ತದೆ. ಒಮಾಹಾಕ್ಕೆ ವಿಮಾನ, ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಮೂರು ಗಂಟೆ ಕಾರು. ಮರೆಮನೆಯ ಜಾಗ ಚಳಿಗಾಲದಲ್ಲೇ ಬುಕ್ ಆಗಿಹೋಗುತ್ತದೆ, ಮಕ್ಕಳಿಗೆ ವಯಸ್ಸಿನ ಮಿತಿ ಇದೆಯಾ ಓದಿಕೊಳ್ಳಿ. ಸಿಗದಿದ್ದರೆ ಫೋರ್ಟ್ ಕಾರ್ನಿ ಹತ್ತಿರ ಹಳೆಯ ರೈಲು ಸೇತುವೆ ಇದೆ, ಈಗ ಅದರ ಮೇಲೆ ನಡೆಯಲು ಬಿಡುತ್ತಾರೆ. ಸಂಜೆ ಸೂರ್ಯ ಮುಳುಗುವ ಮುಂಚೆ ಅಲ್ಲಿ ನಿಲ್ಲಿ.

ಚಳಿಗಾಲಕ್ಕೆ ಫ್ಲಾರಿಡಾದ ಕ್ರಿಸ್ಟಲ್ ರಿವರ್. ಟ್ಯಾಂಪಾದಿಂದ ಉತ್ತರಕ್ಕೆ ಒಂದೂವರೆ ಗಂಟೆ. ಸಮುದ್ರದ ನೀರು ತಣ್ಣಗಾದಾಗ ಮ್ಯಾನಟೀಗಳು, ಅಂದರೆ ಕಡಲಹಸುಗಳು, ಅಲ್ಲಿನ ಬುಗ್ಗೆಗಳಿಗೆ ಬರುತ್ತವೆ. ಬುಗ್ಗೆಯ ನೀರು ವರ್ಷವಿಡೀ 72 ಡಿಗ್ರಿ ಫ್ಯಾರನ್‌ಹೀಟ್. 68ಕ್ಕಿಂತ ಕೆಳಗಿನ ನೀರಿನಲ್ಲಿ ಬಹಳ ದಿನ ಇದ್ದರೆ ಅವು ಬದುಕುವುದಿಲ್ಲ. ಹಾಗಾಗಿ ಹೊರಗೆ ಚಳಿ ಹೆಚ್ಚಿದಷ್ಟೂ ಒಳಗೆ ಮ್ಯಾನಟೀ ಹೆಚ್ಚು. ಹತ್ತಡಿ ಉದ್ದ, ಸಾವಿರ ಪೌಂಡಿನ ಜೀವ, ಮುಖದ ಮುಂದೆ ಬಂದು ನಿಂತು ಉಸಿರು ಬಿಡುತ್ತದೆ. ನೀವು ವೆಟ್‌ಸೂಟ್ ಹಾಕಿ, ಉಸಿರಾಟದ ಕೊಳವೆ (ಸ್ನಾರ್ಕೆಲ್) ಕಚ್ಚಿ, ಮುಖ ಕೆಳಗೆ ಮಾಡಿ ಸುಮ್ಮನೆ ತೇಲಬೇಕು. ಅಟ್ಟಿಸಿಕೊಂಡು ಹೋಗಬಾರದು, ಕಾಲು ಬಡಿಯಬಾರದು, ಮುಟ್ಟಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಟ್ಟಿಸುತ್ತೇವೆ ಅನ್ನುವ ದೋಣಿಯವರೂ ಸಿಗುತ್ತಾರೆ. ನಾವು ಮೊದಲ ಸಲ ಅಂಥವರ ದೋಣಿ ಹತ್ತಿಬಿಟ್ಟಿದ್ದೆವು. ಮಲಗಿದ್ದ ತಾಯಿ ಮರಿಯನ್ನು ಎಬ್ಬಿಸಿ ಓಡಿಸಿದ್ದು ಇವತ್ತಿಗೂ ನನಗೆ ನೋವು. ಬುಕ್ ಮಾಡುವ ಮುಂಚೆ ಗೈಡ್ ನಿಮ್ಮ ಜೊತೆ ನೀರಿಗಿಳಿಯುತ್ತಾರಾ ಅಂತ ಕೇಳಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂತ ಕೇಳಿ. ಕತ್ತಲಿರುವಾಗಲೇ ಹೊರಡುವವರ ಜೊತೆ ಹೋಗಿ.

ಸ್ಕೂಲ್ ಮುಗಿದ ಕೂಡಲೇ, ಮೇ ಕೊನೆಗೆ, ಕೊಲರಾಡೊದ ಗ್ರೇಟ್ ಸ್ಯಾಂಡ್ ಡ್ಯೂನ್ಸ್. ಉತ್ತರ ಅಮೆರಿಕದ ಅತಿ ಎತ್ತರದ ಮರಳುಗುಡ್ಡಗಳು, 700 ಅಡಿ ದಾಟುತ್ತವೆ. ಗುಡ್ಡದ ಬುಡದಲ್ಲಿ ಹಿಮ ಕರಗಿದ ನೀರು ಮೆಡಾನೊ ಹೊಳೆಯಾಗಿ ಕೆಲವೇ ವಾರ ಹರಿಯುತ್ತದೆ. ಅದರಲ್ಲಿ ಅಲೆ ಏಳುತ್ತವೆ! ಹೊಳೆಯ ತಳದಲ್ಲಿ ಮರಳು ಅಡ್ಡಗಟ್ಟೆ ಕಟ್ಟಿಕೊಂಡು ಒಡೆಯುತ್ತಾ ಹೋಗುವುದರಿಂದ. ಮರಳಿನ ಮೇಲೆ ಜಾರುವ ಹಲಗೆ ಬಾಡಿಗೆಗೆ ತೆಗೆದುಕೊಂಡು ಬೆಳಗ್ಗೆಯೇ ಜಾರಿ. ಮಧ್ಯಾಹ್ನ ಮರಳು 150 ಡಿಗ್ರಿ ಫ್ಯಾರನ್‌ಹೀಟ್ ತನಕ ಕಾಯುತ್ತದೆ, ಚಪ್ಪಲಿ ಸಾಲದು, ಬೂಟು ಬೇಕು. ಮರಳು ಇಳಿಜಾರು ಅಂಚಿಲ್ಲದ್ದು, ಬಿದ್ದರೂ ಮರಳ ಮೇಲೇ. ನಿಮ್ಮ ಮನೆಯವರಿಗೆ ಭಯ ಆಗಲಾರದು.

ಆಗಸ್ಟ್‌ಗೆ ಮಿನೆಸೋಟಾದ ಬೌಂಡರಿ ವಾಟರ್ಸ್. ಕೆನಡಾ ಗಡಿಗೆ ಒತ್ತಿಕೊಂಡ ಹತ್ತು ಲಕ್ಷ ಎಕರೆ ಕಾಡು, ಸಾವಿರಕ್ಕೂ ಹೆಚ್ಚು ಕೆರೆ. ಕೆರೆಯಿಂದ ಕೆರೆಗೆ ಹುಟ್ಟು ಹಾಕುತ್ತಾ ಹೋಗುವುದು, ನಡುವೆ ನೆಲ ಬಂದರೆ ದೋಣಿ ತಲೆ ಮೇಲೆ ಹೊತ್ತು ನಡೆಯುವುದು. ಆ ಕಾಲುದಾರಿಯ ಉದ್ದವನ್ನು ಇವತ್ತಿಗೂ ರಾಡ್ ಲೆಕ್ಕದಲ್ಲೇ ಹೇಳುತ್ತಾರೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ಸಂಜೆ ಟೆಂಟ್ ಮುಂದೆ ಕೂತರೆ ಲೂನ್ ಹಕ್ಕಿ ಕೂಗುತ್ತದೆ. ಇನ್ಯಾವ ಸದ್ದೂ ಇಲ್ಲ. ರಾತ್ರಿ ಪಾಳಿಯಲ್ಲಿ ಮೆಷಿನ್‌ಗಳ ಬೀಪ್ ಕೇಳಿ ಕೇಳಿ ಸೋತ ನನ್ನ ಕಿವಿಗೆ ಅಲ್ಲಿ ಕಳೆದ ನಾಲ್ಕು ರಾತ್ರಿ ಔಷಧಿಯಾಯಿತು.

ಗಿರೀಶ, ಪಿಟ್ಸ್‌ಬರ್ಗ್:

ಅಕ್ಕಾ, ಶರತ್ಕಾಲ ಬಿಟ್ಟೇಬಿಟ್ಟಿರಲ್ಲ! ವೆಸ್ಟ್ ವರ್ಜೀನಿಯಾದ ಗಾಲಿ ನದಿ. ಬೇಸಿಗೆಯಲ್ಲಿ ಸಮ್ಮರ್ಸ್‌ವಿಲ್ ಅಣೆಕಟ್ಟಿನಲ್ಲಿ ನಿಲ್ಲಿಸಿದ ನೀರನ್ನು ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರ) ಆದ ಮೇಲೆ ಆರು ವಾರಾಂತ್ಯ ಲೆಕ್ಕ ಹಾಕಿ ಹೊರಬಿಡುತ್ತಾರೆ. ಅದೇ ಗಾಲಿ ಸೀಸನ್. ಮೇಲಿನ ಗಾಲಿಯಲ್ಲಿ ಐದನೇ ದರ್ಜೆಯ, ಅಂದರೆ ತುಂಬಾ ಕಷ್ಟದ, ರಾಪಿಡ್ (ಬಂಡೆಗಳ ನಡುವೆ ನುಗ್ಗುವ ನೀರು) ಐದಿವೆ. ಅದರಲ್ಲೊಂದಾದ ಪಿಲ್ಲೋ ರಾಕ್‌ನಲ್ಲಿ ನಾನು ರಾಫ್ಟಿನಿಂದ (ಗಾಳಿ ತುಂಬಿದ ದೋಣಿಯಿಂದ) ಎಸೆಯಲ್ಪಟ್ಟು ನೀರೊಳಗೆ ಹೋದೆ. ಗೈಡ್ ಬೆಳಗ್ಗೆ ಹೇಳಿಕೊಟ್ಟಿದ್ದೊಂದೇ ನೆನಪಿಗೆ ಬಂದಿದ್ದು: ಕಾಲು ಮುಂದೆ, ಕಾಲ್ಬೆರಳು ನೀರಿನ ಮೇಲೆ, ಎದ್ದು ನಿಲ್ಲಲು ಹೋಗಬೇಡ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಮೇಲಿಂದ ಒತ್ತಿ ಮುಳುಗಿಸಿಬಿಡುತ್ತದೆ.

ರಘು ಅವರೇ, ಹತ್ತು ವರ್ಷದ ಹುಡುಗನಿಗೆ ಇದು ಬೇಡ, ಬಿಡುವುದೂ ಇಲ್ಲ. ಆದರೆ ಪಕ್ಕದಲ್ಲೇ ನ್ಯೂ ನದಿಯ ಮೇಲಿನ ಭಾಗ ಇದೆ, ಮಕ್ಕಳಿಗೆ ಅಂತಲೇ ಇರುವ ಹಾಗೆ. ಅಕ್ಟೋಬರ್ ಮೂರನೇ ಶನಿವಾರ ಹೋದರೆ 876 ಅಡಿ ಎತ್ತರದ ಸೇತುವೆಯಿಂದ ಪ್ಯಾರಾಚೂಟ್ ಕಟ್ಟಿ ಜಿಗಿಯುವವರನ್ನು ಕೆಳಗಿನಿಂದ ನೋಡಬಹುದು.

ಅನುಪಮಾ, ಸಾಲ್ಟ್ ಲೇಕ್ ಸಿಟಿ:

ಎತ್ತರದ ಭಯ ಇದೆ ಅಂದಿರಲ್ಲ, ಹಾಗಾದರೆ ಕಣಿವೆಯ ತಳಕ್ಕೇ ಹೋಗಿ. ನಮ್ಮ ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿರುವ ನ್ಯಾರೋಸ್. ಅಲ್ಲಿ ದಾರಿ ಅಂದರೆ ವರ್ಜಿನ್ ನದಿಯೇ. ನೀರಿನಲ್ಲೇ ನಡೆಯಬೇಕು. ಎರಡೂ ಕಡೆ ಸಾವಿರ ಅಡಿ ಗೋಡೆ, ಕೆಲವು ಕಡೆ ನಡುವಿನ ಅಗಲ ಇಪ್ಪತ್ತು ಮೂವತ್ತು ಅಡಿ ಅಷ್ಟೆ. ಕೆಳಗಿನಿಂದ ಹೊರಟು ವಾಪಸ್ ಬರುವುದಾದರೆ ಪರ್ಮಿಟ್ ಬೇಡ.

ಆದರೆ ಜುಲೈನಿಂದ ಸೆಪ್ಟೆಂಬರ್ ತನಕ ಮಳೆಗಾಲ. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರುತ್ತದೆ, ಎಷ್ಟೋ ಮೈಲಿ ಆಚೆ ಸುರಿದ ಮಳೆ ಗೋಡೆಗಳ ನಡುವೆ ಪ್ರವಾಹವಾಗಿ ಬರುತ್ತದೆ, ಹತ್ತಿಕೊಳ್ಳಲು ಜಾಗವೇ ಇರುವುದಿಲ್ಲ. ನಾವು ಒಂದು ಜುಲೈಯಲ್ಲಿ ಬೋರ್ಡ್ ಮೇಲೆ ಪ್ರವಾಹ "ಸಂಭವ ಹೆಚ್ಚು" ಅಂತ ಇದ್ದದ್ದು ನೋಡಿ ಬಸ್ ಹತ್ತಿ ವಾಪಸ್ ಬಂದೆವು. ಜೊತೆಗಿದ್ದ ಗೆಳೆಯರು ಬೇಜಾರು ಮಾಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಅದೇ ನದಿ ಚಾಕೊಲೇಟ್ ಬಣ್ಣಕ್ಕೆ ತಿರುಗಿ ಮರದ ದಿಮ್ಮಿ ಹೊತ್ತು ಹೋಗುತ್ತಿತ್ತು. ಆಮೇಲೆ ಯಾರೂ ಮಾತಾಡಲಿಲ್ಲ. ಅಕ್ಟೋಬರ್‌ನಲ್ಲಿ ಹೋಗಿ. ನೀರು ಕಡಿಮೆ, ಕಾಟನ್‌ವುಡ್ ಎಲೆ ಹಳದಿ. ನೀರು ಕೊರೆಯುತ್ತದೆ, ನೀರಿನಲ್ಲೂ ಬೆಚ್ಚಗಿಡುವ ನಿಯೋಪ್ರೀನ್ ಸಾಕ್ಸ್ ಮತ್ತು ಗಟ್ಟಿ ಕೋಲು ಪಕ್ಕದ ಊರಲ್ಲೇ ಬಾಡಿಗೆಗೆ ಸಿಗುತ್ತವೆ.

ರಘು, ಆಸ್ಟಿನ್:

ಎಲ್ಲರಿಗೂ ತುಂಬಾ ಧನ್ಯವಾದ. ನ್ಯಾರೋಸ್ ಬಗ್ಗೆ ಓದಿ ಹೇಳಿದಾಗ ನನ್ನ ಹೆಂಡತಿ, "ಕೆಳಗಿನಿಂದ ಮೇಲೆ ನೋಡುವುದಾದರೆ ನಾನು ತಯಾರು" ಅಂದಳು. ಅಕ್ಟೋಬರ್ ಅದೇ. ನೀರುಕೋಳಿ ಅಕ್ಕಾ, ಬೌಂಡರಿ ವಾಟರ್ಸ್ ಬಗ್ಗೆ ಆಸೆಯೂ ಇದೆ, ಅಂಜಿಕೆಯೂ ಇದೆ. ನಾವು ದೋಣಿ ಮುಟ್ಟಿದವರೇ ಅಲ್ಲ. ಹೊರಲು ಆಗುತ್ತದಾ? ಕರಡಿ? ಇನ್ನೊಂದು, ಲಾಟರಿ ಪರ್ಮಿಟ್ ಅಂತೆಲ್ಲ ಕೇಳಿದ್ದೇನೆ, ಯಾವಾಗ ಏನು ಮಾಡಬೇಕು?

ನೀರುಕೋಳಿ, ಕೊಲಂಬಸ್, ಒಹಾಯೊ:

ಆಗುತ್ತದೆ. ಕೆವ್ಲಾರ್ ಅನ್ನುವ ಹಗುರ ನಾರಿನ ದೋಣಿ ಕೇಳಿ ಬಾಡಿಗೆಗೆ ತೆಗೆದುಕೊಳ್ಳಿ, ಸುಮಾರು 45 ಪೌಂಡ್ ಅಷ್ಟೆ. ಹೆಗಲಿಗೆ ಕೂರುವ ಮರದ ನೊಗ ಅದರಲ್ಲೇ ಇರುತ್ತದೆ. ಅಲ್ಯೂಮಿನಿಯಂ ಅಗ್ಗ ಅಂತ ನಾವು ಮೊದಲ ಸಲ ಅದನ್ನೇ ಹೊತ್ತೆವು, 180 ರಾಡ್‌ನ ದಾರಿಯಲ್ಲಿ ಐದು ಸಲ ಇಳಿಸಿ ಇಳಿಸಿ ನಡೆದೆವು. ಈಲಿ ಊರಿನಲ್ಲಿ ಟೆಂಟು, ಊಟದ ಚೀಲ, ನಕ್ಷೆ ಸಮೇತ ಎಲ್ಲ ಹೊಂದಿಸಿಕೊಡುವ ಅಂಗಡಿಗಳಿವೆ. ಮೊದಲ ಸಲ ಎರಡೇ ರಾತ್ರಿ, ಎರಡು ಮೂರು ಕೆರೆ. ಗಾಳಿ ಎದ್ದರೆ ದೊಡ್ಡ ಕೆರೆ ದಾಟುವ ಹಟ ಬೇಡ, ದಡದಲ್ಲೇ ಉಳಿಯಿರಿ. ಲೈಫ್ ಜಾಕೆಟ್ ಮೈಮೇಲೇ ಇರಲಿ, ದೋಣಿ ತಳದಲ್ಲಲ್ಲ. ಕಪ್ಪು ಕರಡಿ ಇದೆ. ಊಟದ ಜೊತೆಗೆ ಟೂತ್‌ಪೇಸ್ಟೂ ಕರಡಿ ಡಬ್ಬಿಯೊಳಗೆ (ಕರಡಿಗೆ ತೆರೆಯಲಾಗದ ಡಬ್ಬಿ) ಹೋಗಬೇಕು. ಊಟ ತಗಡಿನ ಡಬ್ಬದಲ್ಲಾಗಲಿ ಗಾಜಿನ ಬಾಟಲಿಯಲ್ಲಾಗಲಿ ಒಯ್ಯುವಂತಿಲ್ಲ, ಉಪ್ಪಿನಕಾಯಿ ಪ್ಲಾಸ್ಟಿಕ್‌ಗೆ ಸುರಿದುಕೊಳ್ಳಿ. ಸೊಳ್ಳೆ ಜೂನ್‌ನಲ್ಲಿ ಜೀವ ತಿನ್ನುತ್ತದೆ, ಆಗಸ್ಟ್‌ಗೆ ಕಡಿಮೆ. ಅದಕ್ಕೇ ಆಗಸ್ಟ್ ಅಂದಿದ್ದು.

ಪರ್ಮಿಟ್ ವಿಷಯ: ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ಉಳಿಯಲು ದಿನಕ್ಕೆ ಇಷ್ಟೇ ಗುಂಪು ಅಂತ ಪ್ರತಿ ಪ್ರವೇಶದ ಜಾಗಕ್ಕೂ ಲೆಕ್ಕ ಇದೆ. ಜನವರಿ ಕೊನೆಗೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ತೆರೆಯುತ್ತದೆ. ಅದು ಲಾಟರಿ ಅಲ್ಲ. ಲಾಟರಿ ಅಂದರೆ ಅದೇ ಜಾಲತಾಣದಲ್ಲಿ ವಸಂತದಲ್ಲಿ ಒಂದು ಬರುತ್ತದೆ, ಟೆನೆಸಿ ಕಡೆಯ ಗ್ರೇಟ್ ಸ್ಮೋಕಿ ಮೌಂಟನ್ಸ್‌ನ ಎಲ್ಕ್‌ಮಾಂಟ್‌ನಲ್ಲಿ ಮಿಣುಕು ಹುಳ ನೋಡಲು. ಆ ಹುಳಗಳು ಕಾಡಿನ ತುಂಬ ಒಟ್ಟಿಗೆ ಐದರಿಂದ ಎಂಟು ಸಲ ಮಿನುಗಿ, ಒಟ್ಟಿಗೇ ಆರುತ್ತವೆ. ಎಂಟು ಸೆಕೆಂಡ್ ಕಗ್ಗತ್ತಲು. ಮತ್ತೆ ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ನನಗೆ ನಾಲ್ಕನೇ ವರ್ಷಕ್ಕೆ ಹೆಸರು ಬಂತು. ಹಾಕಿಡಿ, ಬಂದರೆ ಉಳಿದ ಯೋಜನೆ ಬದಲಿಸಿಯಾದರೂ ಹೋಗಿ.

ರಘು, ಆಸ್ಟಿನ್:

ಅಕ್ಕಾ, ಮಾರ್ಚ್‌ಗೆ ಒಮಾಹಾ ಟಿಕೆಟ್ ಮಾಡಿದೆ, ಮೂವರಿಗೂ. ಮಗ ಗೋಡೆ ಕ್ಯಾಲೆಂಡರಿನಲ್ಲಿ ಜನವರಿ ಕೊನೆಯ ವಾರಕ್ಕೆ ಕೆಂಪು ಗುರುತು ಹಾಕಿ "ದೋಣಿ" ಅಂತ ಬರೆದಿದ್ದಾನೆ. ನೆಬ್ರಾಸ್ಕಕ್ಕೆ ಬಟ್ಟೆ ಏನು ಒಯ್ಯಲಿ? ಆಸ್ಟಿನ್‌ನವರ ಹತ್ತಿರ ಚಳಿ ಬಟ್ಟೆ ಇಲ್ಲ.

ನೀರುಕೋಳಿ, ಕೊಲಂಬಸ್, ಒಹಾಯೊ:

ಉಣ್ಣೆ ಸಾಕ್ಸ್ ಎರಡು ಜೊತೆ, ಬೂಟು ಒಂದು ಸೈಜ್ ದೊಡ್ಡದು. ಕೈಗವಸಿನೊಳಗೆ ಇಡುವ ಬಿಸಿ ಪೊಟ್ಟಣ ಮಗನಿಗೆ ನಾಲ್ಕು ಕೊಡಿ. ಜಾಕೆಟ್ ಕೊಳ್ಳುವಾಗ ತೋಳು ಅಲ್ಲಾಡಿಸಿ ಕೇಳಿ, ನೈಲಾನ್ ಸರಸರ ಅನ್ನುವುದು ಬೇಡ, ಮರೆಮನೆಯ ಮೌನದಲ್ಲಿ ಅದೇ ದೊಡ್ಡ ಸದ್ದಾಗುತ್ತದೆ. ಮೆತ್ತನೆ ಬಟ್ಟೆಯದು ತಗೊಳ್ಳಿ. ಫೋನ್ ಪರದೆಯ ಬೆಳಕು ಒಳಗೆ ಹೋಗುವ ಮುಂಚೆಯೇ ಆರಿಸಿ. ಹಕ್ಕಿಗಳು ಎದ್ದ ಮೇಲೆ ಮಗ ಏನಂದ ಅಂತ ಇಲ್ಲಿ ಬಂದು ಬರೆಯಿರಿ, ಕಾಯುತ್ತಿರುತ್ತೇನೆ.