ಹಾರರ್ ಸಿನಿಮಾ ಹಾಕಿದರೆ ಎದ್ದುಹೋಗುತ್ತಿದ್ದೆ, ಈಗ ಹುಡುಕಿಕೊಂಡು ನೋಡ್ತಿದ್ದೀನಿ. ನಿಮಗೂ ಹೀಗಾಗಿದೆಯಾ?

ಇಂಚರ:

ನನಗೀಗ ನಲವತ್ತೊಂಬತ್ತು. ಇಷ್ಟು ವರ್ಷ ಹಾರರ್ ಅನ್ನು ಸಿನಿಮಾ ಅಂತಲೇ ಲೆಕ್ಕಕ್ಕೆ ಇಟ್ಟವಳಲ್ಲ. ಜೋರಾಗಿ ಸದ್ದು ಮಾಡಿ ಬೆಚ್ಚಿಬೀಳಿಸೋದರಲ್ಲಿ ಯಾವ ಕಲೆ ಇದೆ, ಬಾಗಿಲ ಹಿಂದೆ ಬಚ್ಚಿಟ್ಟುಕೊಂಡು ‘ಭೌ’ ಅನ್ನೋ ಮಕ್ಕಳೂ ಅದನ್ನೇ ಮಾಡ್ತಾರಲ್ಲ ಅಂತ ವಾದ ಮಾಡ್ತಿದ್ದೆ. ನನ್ನ ಮಗನಿಗೆ ಮಾತ್ರ ಅದೇ ಪ್ರಾಣ. ಅವನು ನೋಡ್ತಾ ಕೂತರೆ ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಕಳೆದ ವರ್ಷ ಅವನು ಓದೋಕೆ ಬೇರೆ ಊರಿಗೆ ಹೋದ. ಫೋನ್ ಮಾಡಿದರೆ ‘ಹೂಂ, ಸರಿ, ಆಮೇಲೆ ಮಾಡ್ತೀನಿ’ ಅಷ್ಟರಲ್ಲಿ ಮಾತು ಮುಗೀತಿತ್ತು. ಇನ್ನೊಂದಿಷ್ಟು ಹೊತ್ತು ಅವನ ದನಿ ಕೇಳಬೇಕು ಅನ್ನೋ ಆಸೆಗೇ ಒಂದು ರಾತ್ರಿ ‘ನಿನ್ನ ಹೆದರಿಕೆ ಸಿನಿಮಾಗಳಲ್ಲಿ ಒಂದು ಒಳ್ಳೇದು ಹೇಳೋ’ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, ‘ಹಿಚ್‌ಕಾಕ್‌ನ ಸೈಕೋ ನೋಡಮ್ಮಾ, 1960ರದ್ದು. ಸ್ನಾನದ ಮನೆಯ ದೃಶ್ಯ ಬಂದಾಗ ಮೊದಲು ಮ್ಯೂಟ್ ಮಾಡಿ ನೋಡು, ಆಮೇಲೆ ಸದ್ದು ಹಾಕಿ ನೋಡು’ ಅಂದ.

ಹಾಗೇ ಮಾಡಿದೆ. ಸದ್ದಿಲ್ಲದಾಗ ಕಂಡಿದ್ದು ತುಂಡು ತುಂಡು: ಕೈ, ಪರದೆ, ನೀರು, ತೆರೆದ ಬಾಯಿ. ಸದ್ದು ಹಾಕಿದೆ ನೋಡಿ, ಆ ಪಿಟೀಲುಗಳ ಕೀರಲು ನನ್ನ ಮೈಯನ್ನೇ ಗೀರಿದ ಹಾಗಾಯ್ತು. ಹಿಚ್‌ಕಾಕ್ ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರಂತೆ. ಆದರೂ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೆದು ಕೇಳಿಸಿದ ಮೇಲೆ ಒಪ್ಪಿಕೊಂಡರಂತೆ. ಇಡೀ ಚಿತ್ರದ ಸಂಗೀತಕ್ಕೆ ಬಳಸಿರೋದು ತಂತಿವಾದ್ಯಗಳು ಮಾತ್ರ. ನಾನು ‘ಬರೀ ಸದ್ದು’ ಅಂತ ತಳ್ಳಿಹಾಕಿದ್ದೆನಲ್ಲ, ಆ ಸದ್ದಿನ ಹಿಂದೆ ಇಷ್ಟೊಂದು ಯೋಚನೆ, ಜಗಳ, ಹಠ ಎಲ್ಲ ಇತ್ತು. ಅವತ್ತು ಮಗನೂ ನಾನೂ ಒಂದೂವರೆ ಗಂಟೆ ಮಾತಾಡಿದೆವು.

ಈಗ ಇನ್ನಷ್ಟು ನೋಡಬೇಕು. ರಕ್ತ ಚೆಲ್ಲಾಡೋದನ್ನ ಮಾತ್ರ ಈಗಲೂ ನೋಡಲಾರೆ. ಅದಿಲ್ಲದೆ ಯಾವುದು ನೋಡಲಿ? ನಿಮ್ಮಲ್ಲೂ ಯಾರಾದರೂ ಒಂದು ಬಗೆಯ ಸಿನಿಮಾಕ್ಕೆ ಮುಖ ತಿರುಗಿಸಿಕೊಂಡಿದ್ದು ಆಮೇಲೆ ಒಲಿದಿದ್ದರೆ, ಅದು ಯಾವ ದೃಶ್ಯದಲ್ಲಿ ಆಯ್ತು ಹೇಳ್ತೀರಾ?

ಹಳೇರೀಲು:

ಅಕ್ಕ, ನಿಮಗೆ 1942ರ ‘ಕ್ಯಾಟ್ ಪೀಪಲ್’ ಹೇಳಿ ಮಾಡಿಸಿದ ಹಾಗಿದೆ. 73 ನಿಮಿಷ, ಅಷ್ಟೇ. ನಿರ್ಮಾಪಕ ವ್ಯಾಲ್ ಲ್ಯೂಟನ್ ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ, ಹಾಗಾಗಿ ನಿರ್ದೇಶಕ ಝಾಕ್ ಟೂರ್ನರ್ ಜೊತೆ ಸೇರಿ ಕತ್ತಲನ್ನೇ ದುಡಿಸಿಕೊಂಡರು. ಹೆಂಗಸೊಬ್ಬಳು ರಾತ್ರಿ ಒಬ್ಬಳೇ ನಡೆದು ಹೋಗ್ತಿರ್ತಾಳೆ, ಹಿಂದೆ ಇನ್ನೊಬ್ಬಳ ಚಪ್ಪಲಿ ಸದ್ದು. ಒಂದು ಕಡೆ ಆ ಸದ್ದು ನಿಂತುಬಿಡುತ್ತೆ. ಅಲ್ಲಿಂದ ಮುಂದೆ ಏನಾಗುತ್ತೆ ಅಂತ ನಾನು ಹೇಳಲ್ಲ. ನನ್ನನ್ನು ಗೆದ್ದಿದ್ದು ಆ ನಿಂತ ಸದ್ದು. ಅಲ್ಲಿಯವರೆಗೆ ನನ್ನ ಕಿವಿ ಅದನ್ನು ಎಣಿಸುತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ.

ಕಿಟಕಿಸೀಟು:

ನಂದು ದೈತ್ಯಪ್ರಾಣಿಗಳ ಸಿನಿಮಾ. ಯಾರೋ ರಬ್ಬರ್ ವೇಷ ಹಾಕಿಕೊಂಡು ಆಟಿಕೆ ಊರನ್ನು ತುಳಿಯೋದನ್ನ ದೊಡ್ಡವರು ಕೂತು ನೋಡಬೇಕಾ ಅನಿಸ್ತಿತ್ತು. ಹಾಗಿದ್ದಾಗ, ಸಿನಿಮಾಕ್ಕಂತ ಅಲ್ಲ, ಬೇರೇನೋ ಓದುವಾಗ 1954ರ ಒಂದು ಸುದ್ದಿ ಸಿಕ್ಕಿತು. ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು. ‘ಲಕ್ಕಿ ಡ್ರ್ಯಾಗನ್’ ಅನ್ನೋ ಜಪಾನಿ ದೋಣಿಯ 23 ಜನರ ಮೇಲೆ ವಿಕಿರಣದ ಬೂದಿ ಉದುರಿತು. ದೋಣಿಯ ರೇಡಿಯೋ ಆಪರೇಟರ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಜಪಾನಿನಲ್ಲಿ ‘ಗೋಜಿರಾ’, ಅಂದರೆ ನಾವು ಗಾಡ್ಜಿಲ್ಲಾ ಅನ್ನೋ ದೈತ್ಯಪ್ರಾಣಿಯ ಸಿನಿಮಾ, ಬಿಡುಗಡೆಯಾಯಿತು. ಅದರ ಮೊದಲ ದೃಶ್ಯವೇ ಕಡಲಲ್ಲಿ ಬೆಳಕು ಝಗ್ಗೆಂದು ಹಡಗು ಉರಿದುಹೋಗೋದು. ಆಸ್ಪತ್ರೆಯಲ್ಲಿ ಒಂದು ಪುಟ್ಟ ಮಗುವಿನ ಮುಂದೆ ವಿಕಿರಣ ಅಳೆಯೋ ಗೈಗರ್ ಕೌಂಟರ್ ಹಿಡಿದು, ಏನೂ ಹೇಳದೆ ತಲೆಯಾಡಿಸ್ತಾರೆ. ನಾನು ಅತ್ತೆ.

ಆ ಪ್ರಾಣಿಯ ಕೂಗು ಕೇಳಿ ಅಕ್ಕ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬೇಸ್ ಅನ್ನೋ ಆಳೆತ್ತರದ ಪಿಟೀಲಿನಂಥ ವಾದ್ಯದ ತಂತಿಗಳನ್ನು ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿಸಿ ತೆಗೆದ ದನಿ ಅದು. ನಿಮ್ಮ ಪಿಟೀಲಿಗೆ ಅದೂ ನೆಂಟನೇ.

ಮೌನಿ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ತೋರಿಸದಿರೋದೇ ಶ್ರೇಷ್ಠ, ರಕ್ತ ಕಂಡರೆ ಕೀಳು ಅಂತ ಹೊಸದೊಂದು ಗೋಡೆ ಕಟ್ಟಿಕೊಳ್ಳಬೇಡಿ. ನಾನೂ ಚಾಕು ಹಿಡಿದವನು ಅಟ್ಟಿಸಿಕೊಂಡು ಬರೋ ಕಥೆಗಳನ್ನು ಕಣ್ಣೆತ್ತಿ ನೋಡಿರಲಿಲ್ಲ. 1978ರ ‘ಹ್ಯಾಲೋವೀನ್’ ನೋಡಿದರೆ ಅದರಲ್ಲಿ ರಕ್ತ ಬಹಳ ಕಡಿಮೆ, ನಾನು ನೋಡದೇ ತೀರ್ಪು ಕೊಟ್ಟಿದ್ದೆ! ಅದರ ನಿರ್ದೇಶಕ ಜಾನ್ ಕಾರ್ಪೆಂಟರ್ ಸಂಗೀತ ಹಾಕುವ ಮುಂಚೆ ಒಬ್ಬ ಸ್ಟುಡಿಯೋ ಅಧಿಕಾರಿಗೆ ಚಿತ್ರ ತೋರಿಸಿದಾಗ ಆಕೆಗೆ ಒಂದಿಷ್ಟೂ ಭಯವಾಗಲಿಲ್ಲವಂತೆ. ಆಮೇಲೆ ತಾವೇ ಸಂಗೀತ ಮಾಡಿದರು, ಐದು ಎಣಿಕೆಯ ಲಯ, ತಂದೆಯಿಂದ ಹುಡುಗನಾಗಿದ್ದಾಗ ಕಲಿತದ್ದು. ಕಾಲು ತಟ್ಟಿಕೊಂಡು ಕೇಳಿ. ನಾಲ್ಕಕ್ಕೆ ಮುಗೀತು ಅಂದುಕೊಂಡ ಕಡೆ ಮುಗಿಯೋದೇ ಇಲ್ಲ.

ಇಂಚರ:

ಎಲ್ಲರಿಗೂ ವಂದನೆ. ಮೌನಿಯವರೇ, ನಿಮ್ಮ ಮಾತು ಸರಿ. ಧೈರ್ಯ ಬಂದ ದಿನ ಅದನ್ನೂ ನೋಡ್ತೀನಿ.

ನಿನ್ನೆ ರಾತ್ರಿ ದೀಪ ಆರಿಸಿ ‘ಕ್ಯಾಟ್ ಪೀಪಲ್’ ನೋಡಿದೆ. ಚಪ್ಪಲಿ ಸದ್ದು ನಿಂತ ಜಾಗದಲ್ಲಿ ನನ್ನ ಉಸಿರೂ ನಿಂತಿತ್ತು. ಅದರ ಮುಂದಿನ ಕ್ಷಣಕ್ಕೆ ಕೂಗಿಯೇಬಿಟ್ಟೆ. ಮತ್ತೆ ಹಿಂದಕ್ಕೆ ಹೋಗಿ ಕಣ್ಣು ಮುಚ್ಚಿಕೊಂಡು ಬರೀ ಕೇಳಿದೆ. ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿದ್ದರೂ ಕೈ ತಣ್ಣಗಾಯ್ತು.

ಮಗನಿಗೆ ಫೋನ್ ಮಾಡಿದೆ. ಅವನು ಅದನ್ನ ನೋಡೇ ಇಲ್ಲವಂತೆ. ‘ಏನಾಗುತ್ತಮ್ಮಾ ಆಮೇಲೆ?’ ಅಂತ ಮೂರು ಸಲ ಕೇಳಿದ. ನಾನು ಹೇಳಲಿಲ್ಲ. ರಜೆಗೆ ಬಂದಾಗ ಜೊತೆಗೆ ಕೂತು ನೋಡೋದು ಅಂತಾಗಿದೆ, ಗೋಜಿರಾನೂ ಆ ವಾರದಲ್ಲೇ.